ಆಸ್ಪತ್ರೆಯಲ್ಲಿ ಕ್ಯಾಮೆರಾ ಇಟ್ಟರೆ ರೋಗಿ ಬೀಳುವುದು ತಪ್ಪುತ್ತದೆಯೇ?

ಇಂಥ ಕ್ಲಿಪ್‌ಗಳನ್ನು ನೀವೂ ನೋಡಿರುತ್ತೀರಿ. ರಾತ್ರಿ ಹೊತ್ತಿನ ವಾರ್ಡ್, ಮಂಚದಿಂದ ಇಳಿಯಲು ಹೊರಟ ಅಜ್ಜ, ಕಣ್ಣು ಮಿಟುಕಿಸುವಷ್ಟರಲ್ಲಿ ನೆಲದ ಮೇಲೆ. ಕೆಳಗೊಂದು ಸಾಲು: ಆಸ್ಪತ್ರೆಯವರ ನಿರ್ಲಕ್ಷ್ಯ ನೋಡಿ, ಎಲ್ಲರಿಗೂ ಶೇರ್ ಮಾಡಿ. ಇದರ ಬೆನ್ನಿಗೇ ಇನ್ನೊಂದು ಬಗೆಯ ಸಂದೇಶವೂ ಬರುತ್ತದೆ. ಅಮೆರಿಕದಲ್ಲಿ ಪ್ರತಿ ಹಾಸಿಗೆಗೂ ಕ್ಯಾಮೆರಾ ಇದೆಯಂತೆ, ದೂರದಲ್ಲಿ ಕೂತವರೇ ರೋಗಿಗಳನ್ನು ಕಾಯುತ್ತಾರಂತೆ, ಅಲ್ಲಿ ಯಾರೂ ಬೀಳುವುದೇ ಇಲ್ಲವಂತೆ.

ಈ ಎರಡೂ ಸಂದೇಶಗಳಲ್ಲಿ ಒಂದಿಷ್ಟು ನಿಜವಿದೆ, ಒಂದಿಷ್ಟು ತಪ್ಪು ತಿಳಿವಳಿಕೆಯೂ ಇದೆ. ಕ್ಯಾಮೆರಾ ಮೂಲಕ ದೂರದಿಂದ ರೋಗಿಯನ್ನು ಗಮನಿಸುವ ವ್ಯವಸ್ಥೆ ಇರುವುದು ನಿಜ. ಆದರೆ ಅದು ಎಲ್ಲ ಹಾಸಿಗೆಗೂ ಇಲ್ಲ, ಅಲ್ಲಿನ ರೋಗಿಗಳು ಬೀಳುವುದು ನಿಂತೂ ಇಲ್ಲ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ, ಅಮ್ಮತ್ತಿಯಂಥ ಊರಿನಲ್ಲಿ ಅದರಿಂದ ಏನು ಉಪಯೋಗ ಎಂಬುದನ್ನು ಒಂದೊಂದಾಗಿ ನೋಡೋಣ.

ಬೀಳುವುದು ಅಷ್ಟು ದೊಡ್ಡ ವಿಷಯವೇ?

ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಉದ್ದೇಶವಿಲ್ಲದೆ ಆಗುವ ಗಾಯಗಳಿಂದ ಬರುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಸಾಯುವವರಲ್ಲಿ 60 ದಾಟಿದವರೇ ಹೆಚ್ಚು.

ಇದು ಮನೆ, ರಸ್ತೆ, ಆಸ್ಪತ್ರೆ ಎಲ್ಲ ಸೇರಿದ ಲೆಕ್ಕ. ಆಸ್ಪತ್ರೆಯ ಒಳಗಿನ ಮಾತಿಗೆ ಬಂದರೆ, ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 7 ಲಕ್ಷದಿಂದ 10 ಲಕ್ಷ ರೋಗಿಗಳು ಬೀಳುತ್ತಾರೆ ಎಂದು ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಅಂದಾಜಿಸಿದೆ. ಇವುಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ತಡೆಯಬಹುದಿತ್ತು ಎಂಬುದೂ ಅದೇ ಸಂಸ್ಥೆಯ ಮಾತು. ಅಂದರೆ ಉಳಿದವನ್ನು ತಡೆಯುವುದು ಸುಲಭವಲ್ಲ. ಬಿದ್ದ ಪ್ರತಿ ಪ್ರಕರಣವನ್ನೂ ನಿರ್ಲಕ್ಷ್ಯ ಎಂದು ಕರೆಯಲಾಗದು.

ವಯಸ್ಸಾದವರಿಗೆ ಬೀಳುವುದೆಂದರೆ ಬರೀ ತರಚು ಗಾಯವಲ್ಲ. ಸೊಂಟದ ಬಳಿಯ ಮೂಳೆ ಮುರಿದ ಹಿರಿಯರಲ್ಲಿ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆಗೆ ಸಣ್ಣ ಪೆಟ್ಟಾದರೂ ಒಳಗೆ ರಕ್ತಸ್ರಾವ ಆಗಬಹುದು. ಜ್ವರಕ್ಕೆಂದು ಸೇರಿದ ಅಜ್ಜಿ ಸೊಂಟ ಮುರಿದುಕೊಂಡು ಮನೆಗೆ ಬರುವ ಕಥೆ ಯಾವ ಊರಿಗೂ ಹೊಸದಲ್ಲ.

ಮಂಚದಿಂದ ಇಳಿದವರು ಬೀಳುವುದೇಕೆ?

ನಿದ್ದೆಯಿಂದ ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಆರೋಗ್ಯವಂತರ ದೇಹ ತಕ್ಷಣ ರಕ್ತನಾಳಗಳನ್ನು ಬಿಗಿ ಮಾಡಿ, ಹೃದಯದ ಬಡಿತ ಏರಿಸಿ ಇದನ್ನು ಸರಿದೂಗಿಸುತ್ತದೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ದಿನಗಟ್ಟಲೆ ಮಲಗಿದವರಲ್ಲಿ ಈ ಕೆಲಸ ನಿಧಾನವಾಗುತ್ತದೆ. ನಿಂತ 3 ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ವೈದ್ಯರು ಅದನ್ನು ಒಂದು ತೊಂದರೆ ಎಂದೇ ಗುರುತಿಸುತ್ತಾರೆ. ಕಣ್ಣು ಕತ್ತಲೆ ಬರುವುದು, ತಲೆ ಹಗುರಾಗುವುದು ಇದರಿಂದಲೇ.

ಇದಕ್ಕೆ ಸಂಬಂಧಿಸಿದ ಒಂದು ಹಳೆಯ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು: ರಾತ್ರಿ ಎದ್ದಾಗ ಮೂರೂವರೆ ನಿಮಿಷ ಕಾಯಿರಿ, ಇಲ್ಲದಿದ್ದರೆ ಹೃದಯ ನಿಂತುಹೋಗುತ್ತದೆ ಎನ್ನುವಂಥದ್ದು. ನಿಮಿಷಗಳ ಲೆಕ್ಕ ಒಂದೊಂದು ಸಂದೇಶದಲ್ಲಿ ಒಂದೊಂದು ಥರ. ಅದರಲ್ಲಿ ನಿಧಾನವಾಗಿ ಏಳಿ, ಮೊದಲು ಕುಳಿತುಕೊಳ್ಳಿ, ಕಾಲು ಕೆಳಗೆ ಬಿಟ್ಟು ಸ್ವಲ್ಪ ಹೊತ್ತು ಇರಿ, ಆಮೇಲೆ ನಿಲ್ಲಿ ಎಂಬ ಸಲಹೆ ಸರಿಯಾದದ್ದು. ಥಟ್ಟನೆ ಎದ್ದವರ ಹೃದಯ ನಿಂತುಹೋಗುತ್ತದೆ ಎಂಬ ಹೆದರಿಕೆಯ ಮಾತಿಗೆ ಆಧಾರವಿಲ್ಲ. ಇಲ್ಲಿರುವ ನಿಜವಾದ ಅಪಾಯ ತಲೆಸುತ್ತಿ ಬೀಳುವುದು.

ಆಸ್ಪತ್ರೆಯಲ್ಲಿ ಇದಕ್ಕೆ ಇನ್ನಷ್ಟು ಕಾರಣಗಳು ಸೇರುತ್ತವೆ. ನಿದ್ದೆಯ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಕೈಗೆ ಚುಚ್ಚಿದ ಡ್ರಿಪ್‌ನ ಪೈಪ್, ಗೊತ್ತಿಲ್ಲದ ಕೋಣೆ, ಎತ್ತರದ ಮಂಚ, ದೂರದ ಶೌಚಾಲಯ. ಜ್ವರ ಅಥವಾ ಶಸ್ತ್ರಚಿಕಿತ್ಸೆಯ ನಂತರ ಹಿರಿಯರಿಗೆ ಕೆಲವು ದಿನ ಮನಸ್ಸು ಗಲಿಬಿಲಿಯಾಗುವುದೂ ಸಾಮಾನ್ಯ. ತೋಟದಲ್ಲಿ ಕರಿಮೆಣಸು ಕೊಯ್ಯಲು ಹೋಗಬೇಕು ಎಂದು ರಾತ್ರಿ ಎರಡು ಗಂಟೆಗೆ ಮಂಚದಿಂದ ಇಳಿಯಲು ಹೊರಡುವ ಅಜ್ಜನಿಗೆ ಹುಚ್ಚು ಹಿಡಿದಿರುವುದಿಲ್ಲ, ಕಾಯಿಲೆಯ ಕಾರಣಕ್ಕೆ ಮೆದುಳು ತಾತ್ಕಾಲಿಕವಾಗಿ ದಾರಿ ತಪ್ಪಿರುತ್ತದೆ.

ದೂರದ ವಿಡಿಯೊ ನಿಗಾ ಎಂದರೇನು?

ಅಮೆರಿಕದ ಆಸ್ಪತ್ರೆಗಳಲ್ಲಿ ಬೀಳುವ ಅಪಾಯ ಹೆಚ್ಚಿರುವ ರೋಗಿಯ ಪಕ್ಕ ಒಬ್ಬರನ್ನು ಸಂಬಳ ಕೊಟ್ಟು ಕೂರಿಸುವ ಪದ್ಧತಿ ಇದೆ. ಅದು ದುಬಾರಿ. 2008ರ ಅಕ್ಟೋಬರ್‌ನಿಂದ ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್, ರೋಗಿ ಆಸ್ಪತ್ರೆಯಲ್ಲಿ ಬಿದ್ದು ಗಾಯವಾದರೆ ಅದರ ಹೆಚ್ಚುವರಿ ಖರ್ಚು ಕೊಡುವುದನ್ನೂ ನಿಲ್ಲಿಸಿತು. ಬೀಳದಂತೆ ನೋಡಿಕೊಳ್ಳುವುದು ಆಸ್ಪತ್ರೆಗಳ ಜೇಬಿನ ಪ್ರಶ್ನೆಯೂ ಆಯಿತು. ಪಕ್ಕದಲ್ಲಿ ಕೂರುವವರ ಬದಲು ಕ್ಯಾಮೆರಾ ಇಡುವ ಯೋಚನೆ ಬೆಳೆದದ್ದು ಈ ಹಿನ್ನೆಲೆಯಲ್ಲಿ.

ಇದು ನಮ್ಮ ಅಂಗಡಿ, ಬಸ್ ನಿಲ್ದಾಣಗಳ ಸಿಸಿಟಿವಿಯಂತಲ್ಲ. ಸಿಸಿಟಿವಿ ಆದದ್ದನ್ನು ರೆಕಾರ್ಡ್ ಮಾಡಿ ಆಮೇಲೆ ತೋರಿಸುತ್ತದೆ. ಇಲ್ಲಿ ಒಬ್ಬ ತರಬೇತಿ ಪಡೆದ ವ್ಯಕ್ತಿ ಪರದೆಯ ಮುಂದೆ ಕೂತು ಸಾಮಾನ್ಯವಾಗಿ 10ರಿಂದ 16 ರೋಗಿಗಳನ್ನು ನೇರವಾಗಿ ನೋಡುತ್ತಿರುತ್ತಾರೆ. ಮಂಚದ ಬಳಿ ಚಕ್ರದ ಮೇಲೆ ನಿಂತ ಉಪಕರಣದಲ್ಲಿ ಕ್ಯಾಮೆರಾ, ಮೈಕ್, ಸ್ಪೀಕರ್ ಇರುತ್ತವೆ. ರೋಗಿ ಹೊದಿಕೆ ಸರಿಸಿದರು, ಕಾಲು ಹೊರಗೆ ಹಾಕಿದರು, ಡ್ರಿಪ್ ಎಳೆಯಲು ಹೊರಟರು ಎಂದರೆ ಮೊದಲ ಹೆಜ್ಜೆ ಮಾತು: ಅಜ್ಜಿ, ಹಾಗೇ ಇರಿ, ಸಿಸ್ಟರ್ ಬರುತ್ತಿದ್ದಾರೆ. ಎರಡನೆಯದು ಆ ವಾರ್ಡ್‌ನ ನರ್ಸ್‌ಗೆ ಕರೆ. ರೋಗಿ ಕೇಳದಿದ್ದರೆ ಮೂರನೆಯದು ಜೋರಾದ ಅಲಾರಂ. ಬಟ್ಟೆ ಬದಲಿಸುವಾಗ, ಸ್ನಾನ ಮಾಡಿಸುವಾಗ ಪರದೆಯನ್ನು ಸ್ವಲ್ಪ ಹೊತ್ತು ಮುಚ್ಚುವ ಏರ್ಪಾಡೂ ಇರುತ್ತದೆ. ಇಂಥ ಬಹುತೇಕ ವ್ಯವಸ್ಥೆಗಳಲ್ಲಿ ದೃಶ್ಯ ರೆಕಾರ್ಡ್ ಆಗುವುದಿಲ್ಲ.

ಎಲ್ಲ ರೋಗಿಗಳಿಗೂ ಇದು ಹೊಂದುವುದಿಲ್ಲ. ಕಿವಿ ಕೇಳದವರು, ಹೇಳಿದ ಮಾತನ್ನು ಅರ್ಥ ಮಾಡಿಕೊಳ್ಳಲಾಗದಷ್ಟು ಗಲಿಬಿಲಿಯಲ್ಲಿ ಇರುವವರು, ತಮಗೇ ಹಾನಿ ಮಾಡಿಕೊಳ್ಳುವ ಅಪಾಯ ಇರುವವರಿಗೆ ಪಕ್ಕದಲ್ಲಿ ಮನುಷ್ಯರೇ ಬೇಕು.

ಇದರಿಂದ ಬೀಳುವುದು ಕಡಿಮೆಯಾಗಿದೆಯೇ?

ಇಲ್ಲಿ ಸ್ವಲ್ಪ ಎಚ್ಚರದಿಂದ ಓದಬೇಕು. ಹಲವು ಆಸ್ಪತ್ರೆಗಳು ಕ್ಯಾಮೆರಾ ಬಂದ ಮೇಲೆ ಬೀಳುವವರ ಸಂಖ್ಯೆ ಇಳಿಯಿತು, ಪಕ್ಕದಲ್ಲಿ ಕೂರುವವರ ಖರ್ಚೂ ಇಳಿಯಿತು ಎಂದು ವರದಿ ಮಾಡಿವೆ. ಆದರೆ ಇವುಗಳಲ್ಲಿ ಹೆಚ್ಚಿನವು ಒಂದೇ ಆಸ್ಪತ್ರೆಯ ಮೊದಲು ಮತ್ತು ನಂತರದ ಹೋಲಿಕೆಗಳು. ಕ್ಯಾಮೆರಾ ತಂದ ಹೊತ್ತಿನಲ್ಲೇ ನರ್ಸ್‌ಗಳಿಗೆ ತರಬೇತಿ ಆಗಿರಬಹುದು, ಎಲ್ಲರ ಗಮನವೂ ಆ ವಿಷಯದ ಮೇಲೆ ಬಿದ್ದಿರಬಹುದು. ಇಳಿಕೆಗೆ ಕ್ಯಾಮೆರಾ ಎಷ್ಟು ಕಾರಣ, ಉಳಿದದ್ದೆಷ್ಟು ಕಾರಣ ಎಂದು ಇಂಥ ಹೋಲಿಕೆಯಲ್ಲಿ ಬೇರ್ಪಡಿಸಲಾಗದು.

ಚೆನ್ನಾಗಿ ಕಂಡದ್ದೆಲ್ಲ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಮಂಚದ ಅಲಾರಂ ಒಳ್ಳೆಯ ಪಾಠ. ರೋಗಿ ಎದ್ದ ಕೂಡಲೇ ಕೂಗುವ ಅಲಾರಂ ಇಟ್ಟರೆ ಬೀಳುವುದು ತಪ್ಪುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಮೆರಿಕದ ಒಂದು ಆಸ್ಪತ್ರೆಯ 16 ವಾರ್ಡ್‌ಗಳಲ್ಲಿ 27,672 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಅಲಾರಂ ಬಳಕೆ ಹೆಚ್ಚಿತು, ಆದರೆ ಬೀಳುವುದು ಗಣನೀಯವಾಗಿ ಇಳಿಯಲಿಲ್ಲ. 2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ 24 ವಾರ್ಡ್‌ಗಳ ಪ್ರಯೋಗದಲ್ಲಿ ಅಲಾರಂ, ತಗ್ಗಿನ ಮಂಚ ಸೇರಿ ಆರು ಕ್ರಮಗಳನ್ನು ಒಟ್ಟಿಗೆ ತಂದರೂ ಬೀಳುವುದು ಇಳಿಯಲಿಲ್ಲ.

ಹಾಗಾದರೆ ಯಾವುದು ಕೆಲಸ ಮಾಡಿತು? ಅಮೆರಿಕದ ಮೂರು ದೊಡ್ಡ ಆಸ್ಪತ್ರೆಗಳ 14 ವಾರ್ಡ್‌ಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅಲ್ಲಿ ಮಾಡಿದ್ದು ತುಂಬ ಸರಳ ಕೆಲಸ. ಈ ರೋಗಿ ಯಾಕೆ ಬೀಳಬಹುದು, ಅದಕ್ಕೆ ಏನು ಮಾಡಬೇಕು ಎಂಬುದನ್ನು ನರ್ಸ್, ರೋಗಿ ಮತ್ತು ಮನೆಯವರು ಒಟ್ಟಿಗೆ ಕೂತು ತೀರ್ಮಾನಿಸಿ, ಚಿತ್ರಗಳಿರುವ ಹಾಳೆಯಲ್ಲಿ ಮಂಚದ ಪಕ್ಕವೇ ತೂಗುಹಾಕಿದರು. ಬೀಳುವ ಪ್ರಕರಣ ಶೇ. 15ರಷ್ಟು, ಬಿದ್ದು ಗಾಯವಾಗುವುದು ಶೇ. 34ರಷ್ಟು ಇಳಿಯಿತು. ವಿದ್ಯುತ್ ಬೇಡ, ಇಂಟರ್‌ನೆಟ್ ಬೇಡ. ಮಾತಾಡಲು ಹತ್ತು ನಿಮಿಷ ಬೇಕು.

ಕರ್ನಾಟಕದಲ್ಲಿ ದೂರದಿಂದ ನೋಡುವ ವ್ಯವಸ್ಥೆ ಇದೆಯೇ?

ಇದೆ, ಆದರೆ ಬೇರೆ ಉದ್ದೇಶಕ್ಕೆ. ಬೆಂಗಳೂರಿನಲ್ಲಿ 2017ರಲ್ಲಿ ಶುರುವಾದ ಕ್ಲೌಡ್‌ಫಿಸಿಷಿಯನ್ ಸಂಸ್ಥೆ ಸಣ್ಣ ಊರುಗಳ ಐಸಿಯುಗಳನ್ನು ಕ್ಯಾಮೆರಾ ಮತ್ತು ಮಾನಿಟರ್ ಮೂಲಕ ದೂರದಿಂದ ನೋಡಿ, ಅಲ್ಲಿನ ವೈದ್ಯರಿಗೆ ತಜ್ಞರ ಸಲಹೆ ಕೊಡುತ್ತದೆ. ಕೋವಿಡ್ ಬಂದಾಗ 2020ರಲ್ಲಿ ರಾಜ್ಯ ಸರ್ಕಾರವೂ ಜಿಲ್ಲೆಗಳ ಐಸಿಯುಗಳಿಗೆ ಬೆಂಗಳೂರಿನಿಂದ ಟೆಲಿ ಐಸಿಯು ನೆರವು ಒದಗಿಸಿತು. ಬೆಂಗಳೂರಿನದೇ ಆದ ಡೋಜಿ ಎಂಬ ಉಪಕರಣ ಹಾಸಿಗೆಯ ಕೆಳಗಿನ ಸೆನ್ಸರ್ ಹಾಳೆಯಿಂದಲೇ ಹೃದಯ ಬಡಿತ, ಉಸಿರಾಟವನ್ನು ಅಳೆದು ನರ್ಸ್ ಕೋಣೆಗೆ ಕಳುಹಿಸುತ್ತದೆ. ಅದರಲ್ಲಿ ಕ್ಯಾಮೆರಾವೇ ಇಲ್ಲ.

ಇವಕ್ಕೂ ಬೀಳುವುದನ್ನು ತಡೆಯುವ ನಿಗಾಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಐಸಿಯು ವಿಷಯದಲ್ಲಿ ದೂರದಿಂದ ಬರಬೇಕಾದದ್ದು ತಜ್ಞರ ತಿಳಿವಳಿಕೆ. ಅದು ತಂತಿಯಲ್ಲಿ ಬರುತ್ತದೆ. ಬೀಳುವ ರೋಗಿಯ ವಿಷಯದಲ್ಲಿ ಬೇಕಾದದ್ದು ಹಿಡಿಯುವ ಕೈ. ಅದು ವಾರ್ಡಿನಲ್ಲೇ, ಕೆಲವೇ ಸೆಕೆಂಡುಗಳ ದೂರದಲ್ಲಿ ಇರಬೇಕು. ಪರದೆ ನೋಡುವವರು ಎಷ್ಟೇ ಚುರುಕಾಗಿದ್ದರೂ ವಾರ್ಡಿನಲ್ಲಿ ಓಡಿ ಬರುವ ನರ್ಸ್ ಇಲ್ಲದಿದ್ದರೆ ರೋಗಿ ಬೀಳುವುದನ್ನು ಸ್ಪಷ್ಟವಾಗಿ ನೋಡಬಹುದು, ಅಷ್ಟೇ.

ಅಮ್ಮತ್ತಿಯಲ್ಲಿ ಇಟ್ಟರೆ ಹೇಗಿರುತ್ತದೆ?

ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ, ಕಾಫಿ ತೋಟಗಳ ನಡುವಿನ ಊರು ಅಮ್ಮತ್ತಿ. ಇಲ್ಲಿ ಆರ್‌ಐಎಚ್‌ಪಿ ಆಸ್ಪತ್ರೆ ಇದೆ. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದವರು ವಿರಾಜಪೇಟೆಗೆ, ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಅಥವಾ ಮೈಸೂರಿಗೆ ಹೋಗುತ್ತಾರೆ. ಈ ಭಾಗದ ಯಾವುದೇ ವಾರ್ಡಿನಲ್ಲಿ ಇಂಥ ವ್ಯವಸ್ಥೆ ತರುವುದಾದರೆ ಮೂರು ಪ್ರಶ್ನೆ ಕೇಳಬೇಕಾಗುತ್ತದೆ.

ಮೊದಲನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ವಿದ್ಯುತ್ ಹೋಗುವುದು, ನೆಟ್‌ವರ್ಕ್ ಕೈಕೊಡುವುದು ನಮಗೆಲ್ಲ ಗೊತ್ತು. ಸಾಧಾರಣ ಸ್ಪಷ್ಟತೆಯ ಒಂದು ಕ್ಯಾಮೆರಾದ ದೃಶ್ಯ ಕಳುಹಿಸಲು ಸುಮಾರು 1ರಿಂದ 2 ಎಂಬಿಪಿಎಸ್ ಬೇಕು. ಹನ್ನೆರಡು ಹಾಸಿಗೆ ಎಂದರೆ ಅಷ್ಟನ್ನೂ ಬಿಡದೆ ಹೊರಗೆ ಕಳುಹಿಸುವ ಸಂಪರ್ಕ ಬೇಕು. ಆದರೆ ದೂರ ಎಂದರೆ ಬೆಂಗಳೂರೇ ಆಗಬೇಕಿಲ್ಲ. ಅದೇ ಕಟ್ಟಡದ ನರ್ಸ್ ಕೋಣೆಗೆ ತಂತಿ ಎಳೆದು, ಯುಪಿಎಸ್ ಇಟ್ಟರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ನೋಡುವವರೂ ಓಡಿ ಬರುವವರೂ ಹತ್ತಿರದಲ್ಲೇ ಇರುತ್ತಾರೆ.

ಎರಡನೆಯದು ಭಾಷೆ. ಮೊದಲ ಹೆಜ್ಜೆ ಮಾತು ಎಂದೆವಲ್ಲ. ಇಲ್ಲಿನ ಒಂದೇ ವಾರ್ಡಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ತುಳು, ಯರವ ಭಾಷೆ ಕೇಳಿಸಬಹುದು. ಗಲಿಬಿಲಿಯಲ್ಲಿರುವ ಹಿರಿಯರು ಆ ಹೊತ್ತಿನಲ್ಲಿ ಹೆಚ್ಚಾಗಿ ಸ್ಪಂದಿಸುವುದು ತಾಯಿನುಡಿಗೆ, ಅದರಲ್ಲೂ ಪರಿಚಿತ ದನಿಗೆ. ಎಲ್ಲಿಂದಲೋ ಬರುವ ಅಪರಿಚಿತ ದನಿ ಅವರನ್ನು ಇನ್ನಷ್ಟು ಹೆದರಿಸಬಹುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಪಕ್ಕದಲ್ಲಿ ಕೂರುವವರು ಯಾರು? ಅಮೆರಿಕದಲ್ಲಿ ಅದು ಸಂಬಳದ ಕೆಲಸ. ನಮ್ಮಲ್ಲಿ ಅದು ಮಗಳು, ಸೊಸೆ, ತಮ್ಮ. ತೋಟದಲ್ಲಿ ದಿನಗೂಲಿ ಮಾಡುವವರಿಗೆ ಅವ್ವನ ಪಕ್ಕ ಕೂತ ಪ್ರತಿ ದಿನವೂ ಕೂಲಿ ಇಲ್ಲದ ದಿನ. ಹಗಲು ಕೆಲಸ ಮಾಡಿ ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದವರಿಗೆ ಎರಡು ಗಂಟೆಗೆ ಎಚ್ಚರವಾಗದಿದ್ದರೆ ಅದು ಅವರ ತಪ್ಪಲ್ಲ. ವಿಡಿಯೊ ನಿಗಾ ಇಂಥವರ ರಾತ್ರಿಯ ಭಾರವನ್ನು ಸ್ವಲ್ಪ ಇಳಿಸಬಲ್ಲದು. ಆದರೆ ಕ್ಯಾಮೆರಾ ಇದೆ ಎಂಬ ನೆಪದಲ್ಲಿ ನರ್ಸ್‌ಗಳ ಸಂಖ್ಯೆ ಕಡಿಮೆ ಮಾಡಿದರೆ ಲಾಭ ಆಸ್ಪತ್ರೆಗೆ, ಅಪಾಯ ರೋಗಿಗೆ.

ನೋಡುವವರು ಇನ್ನೇನು ನೋಡುತ್ತಾರೆ?

2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್ ಮತ್ತು ಟೆಲಿಗ್ರಾಂ ಸೇರಿದ್ದು ಬಯಲಾಯಿತು. ಮಹಿಳೆಯರ ತಪಾಸಣೆಯ ದೃಶ್ಯಗಳನ್ನು ಹಣಕ್ಕೆ ಮಾರಲಾಗುತ್ತಿತ್ತು. ಪೊಲೀಸರು ಹಲವರನ್ನು ಬಂಧಿಸಿದರು. ರೋಗಿಯ ಹಾಸಿಗೆಯತ್ತ ತಿರುಗಿದ ಯಾವ ಕ್ಯಾಮೆರಾಗೂ ಈ ಅಪಾಯ ತಪ್ಪಿದ್ದಲ್ಲ.

ಹಾಗಾಗಿ ನಿಮ್ಮವರ ಹಾಸಿಗೆಯ ಬಳಿ ಕ್ಯಾಮೆರಾ ಕಂಡರೆ ಕೇಳಿ: ಇದನ್ನು ಯಾರು ನೋಡುತ್ತಾರೆ? ರೆಕಾರ್ಡ್ ಆಗುತ್ತದೆಯೇ? ಆದರೆ ಎಷ್ಟು ದಿನ ಇರುತ್ತದೆ? ಬಟ್ಟೆ ಬದಲಿಸುವಾಗ ಮುಚ್ಚುತ್ತಾರೆಯೇ? ಬೇಡ ಎನ್ನಬಹುದೇ? ಇವು ಜಗಳದ ಪ್ರಶ್ನೆಗಳಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ದೇಶದಲ್ಲಿ ಪ್ರತ್ಯೇಕ ಕಾನೂನೇ ಆಗಿದೆ. ಇದೇ ಮಾತು ನಮಗೂ ಅನ್ವಯಿಸುತ್ತದೆ. ಬೀಳುತ್ತಿರುವ ಅಜ್ಜನ ಕ್ಲಿಪ್ ಶೇರ್ ಮಾಡುವಾಗ ಆ ಅಜ್ಜನನ್ನು ಯಾರೂ ಒಪ್ಪಿಗೆ ಕೇಳಿರುವುದಿಲ್ಲ.

ಮನೆಯಲ್ಲಿ ಕ್ಯಾಮೆರಾ ಇಟ್ಟರೆ?

ಕೊಡಗಿನ ಎಷ್ಟೋ ಮನೆಗಳಲ್ಲಿ ಈಗ ಹಿರಿಯರಿಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ, ದುಬೈನಲ್ಲಿ. ಹಜಾರಕ್ಕೊಂದು ವೈಫೈ ಕ್ಯಾಮೆರಾ ಹಾಕಿ ಫೋನಿನಲ್ಲಿ ನೋಡುವುದು ಸಾಮಾನ್ಯವಾಗುತ್ತಿದೆ. ಬಿದ್ದದ್ದು ಬೇಗ ತಿಳಿಯಲಿ ಎಂಬುದಕ್ಕೆ ಅದು ಉಪಯೋಗವೇ. ಗಂಟೆಗಟ್ಟಲೆ ನೆಲದ ಮೇಲೆ ಬಿದ್ದಿರುವುದು ಬೀಳುವಷ್ಟೇ ಅಪಾಯಕಾರಿ. ಆದರೆ ಬೀಳುವುದನ್ನು ಅದು ತಡೆಯುವುದಿಲ್ಲ, ಮತ್ತು ಹೆಚ್ಚು ಬೀಳುವ ಜಾಗವಾದ ಬಚ್ಚಲಲ್ಲಿ ಅದನ್ನು ಇಡುವಂತೆಯೂ ಇಲ್ಲ. ಕ್ಯಾಮೆರಾಕ್ಕೆ ಮುನ್ನ ಬಚ್ಚಲಿಗೊಂದು ಹಿಡಿಕೆ, ಜಾರದ ಮ್ಯಾಟ್, ಮಂಚದ ಬಳಿ ರಾತ್ರಿ ದೀಪ ಬರಲಿ. ಐದು ನಿಮಿಷದಲ್ಲಿ ಮನೆಗೆ ತಲುಪಬಲ್ಲ ಒಬ್ಬ ನೆರೆಯವರ ನಂಬರ್ ಫೋನಿನಲ್ಲಿರಲಿ. ಕ್ಯಾಮೆರಾದ ಪಾಸ್‌ವರ್ಡ್ ಕೊಂಡಾಗ ಇದ್ದದ್ದೇ ಇದ್ದರೆ ಇವತ್ತೇ ಬದಲಿಸಿ.

ಮಂಚದ ಪಕ್ಕದ ಕಂಬಿ ಎತ್ತಿದರೆ ಸಾಕೇ?

ಸಾಲದು. ಎರಡೂ ಬದಿಯ ಕಂಬಿ ಪೂರ್ತಿ ಎತ್ತಿದರೆ ರೋಗಿ ಸುರಕ್ಷಿತ ಎಂಬ ನಂಬಿಕೆ ಬಹಳ ಜನರಲ್ಲಿದೆ. ಗಲಿಬಿಲಿಯಲ್ಲಿರುವ ರೋಗಿ ಕಂಬಿ ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳಬಹುದು, ಕಂಬಿಯ ನಡುವೆ ಸಿಕ್ಕಿಕೊಳ್ಳಲೂಬಹುದು. ಯಾರಿಗೆ ಕಂಬಿ ಬೇಕು, ಎಷ್ಟು ಬೇಕು ಎಂದು ನರ್ಸ್‌ರನ್ನು ಕೇಳಿ. ಮಂಚವನ್ನು ಆದಷ್ಟು ತಗ್ಗಿಸುವುದು ಹಲವರಿಗೆ ಹೆಚ್ಚು ಸುರಕ್ಷಿತ.

ಅಪಾಯವನ್ನು ಅಳೆಯಲು ಆಸ್ಪತ್ರೆಗಳಲ್ಲಿ ಮೋರ್ಸ್ ಪಟ್ಟಿ ಎಂಬ ಸರಳ ಅಂಕಪಟ್ಟಿ ಇದೆ. ಹಿಂದೆ ಬಿದ್ದಿದ್ದರೇ, ಒಂದಕ್ಕಿಂತ ಹೆಚ್ಚು ಕಾಯಿಲೆ ಇದೆಯೇ, ನಡೆಯಲು ಆಸರೆ ಬೇಕೇ, ಡ್ರಿಪ್ ಇದೆಯೇ, ನಡಿಗೆ ಹೇಗಿದೆ, ತನ್ನ ಶಕ್ತಿಯ ಮಿತಿ ರೋಗಿಗೆ ಗೊತ್ತಿದೆಯೇ ಎಂಬ ಆರೇ ಪ್ರಶ್ನೆ. ಕಳೆದ ಕೆಲವು ತಿಂಗಳಲ್ಲಿ ಮನೆಯಲ್ಲಿ ಬಿದ್ದಿದ್ದರೆ ಅದನ್ನು ಸೇರಿಸುವ ದಿನವೇ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಪಟ್ಟಿಯೂ ತಪ್ಪುತ್ತದೆ.

ನಮ್ಮ ತೀರ್ಮಾನ

ದೂರದ ವಿಡಿಯೊ ನಿಗಾದಿಂದ ರೋಗಿಗಳು ಬೀಳುವುದೇ ಇಲ್ಲ ಎಂಬುದು ಸುಳ್ಳು. ಸರಿಯಾದ ರೋಗಿಗೆ, ಸಾಕಷ್ಟು ನರ್ಸ್‌ಗಳಿರುವ ವಾರ್ಡಿನಲ್ಲಿ, ಅವರ ಭಾಷೆಯಲ್ಲಿ ಮಾತಾಡುವವರು ನೋಡುತ್ತಿದ್ದರೆ ಅದು ಸಹಾಯ ಮಾಡಬಹುದು ಎಂಬುದು ಸರಿ. ಬಿದ್ದ ಪ್ರತಿ ರೋಗಿಯೂ ನಿರ್ಲಕ್ಷ್ಯಕ್ಕೆ ಸಾಕ್ಷಿ ಎಂಬುದು ಸರಿಯಲ್ಲ.

ಮನೆಯ ಗುಂಪಿನಲ್ಲಿ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ಕೆಳಗಿನ ಸಾಲುಗಳನ್ನು ಮಾಡಿ:

ಆಸ್ಪತ್ರೆಯಲ್ಲಿ ಹಿರಿಯರ ಜೊತೆ ಇರುವವರಿಗೆ.
1. ರಾತ್ರಿ ಮಲಗುವ ಮುನ್ನ ಒಮ್ಮೆ ಶೌಚಾಲಯಕ್ಕೆ ಕರೆದೊಯ್ಯಿರಿ.
2. ಕನ್ನಡಕ, ನೀರು, ಕರೆಗಂಟೆ ಕೈಗೆ ಸಿಗುವಂತೆ ಇಡಿ.
3. ಸಾಕ್ಸ್ ಅಥವಾ ಸಡಿಲ ಚಪ್ಪಲಿಯಲ್ಲಿ ನಡೆಸಬೇಡಿ.
4. ಏಳುವಾಗ ಮೊದಲು ಕೂರಿಸಿ, ಕಾಲು ಇಳಿಬಿಡಿಸಿ, ತಲೆಸುತ್ತು ಇಲ್ಲವೆಂದ ಮೇಲೆ ನಿಲ್ಲಿಸಿ.
5. ನಿದ್ದೆಯ ಮಾತ್ರೆ ಅಥವಾ ಹೊಸ ಬಿಪಿ ಮಾತ್ರೆ ಕೊಟ್ಟ ರಾತ್ರಿ ಹೆಚ್ಚು ಎಚ್ಚರ.
6. ನೀವು ಹೊರಗೆ ಹೋಗುವಾಗ, ಐದು ನಿಮಿಷಕ್ಕಾದರೂ ಸರಿ, ನರ್ಸ್‌ಗೆ ಹೇಳಿ ಹೋಗಿ.
7. ಬಿದ್ದರೆ ತಕ್ಷಣ ಎತ್ತಬೇಡಿ. ನರ್ಸ್‌ರನ್ನು ಕರೆಯಿರಿ. ತಲೆಗೆ ಪೆಟ್ಟಾಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನು ಮೊದಲು ಹೇಳಿ.